ಅವರೆಲ್ಲ ನಿಜವಾಗಿ ಅಷ್ಟು ಚಂದ ಇದ್ದರಾ?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನ್ಯಾಷನಲ್ ಗ್ಯಾಲರಿ ನೋಡಿದೆ. 1780ರ ಆಸುಪಾಸಿನ ಇಂಗ್ಲಿಷ್ ಶ್ರೀಮಂತರ ಆಳೆತ್ತರದ ಭಾವಚಿತ್ರಗಳ ಮುಂದೆ ತುಂಬ ಹೊತ್ತು ನಿಂತಿದ್ದೆ. ಎಲ್ಲರೂ ಎತ್ತರ, ಎಲ್ಲರೂ ತೆಳ್ಳಗೆ, ಎಲ್ಲರ ಚರ್ಮವೂ ಹಾಲಿನ ಕೆನೆ. ಅವರು ನಿಜಕ್ಕೂ ಹಾಗೇ ಇದ್ದರಾ? ಇಲ್ಲಾ, ದುಡ್ಡು ಕೊಟ್ಟರು ಅಂತ ಕಲಾವಿದರು ಸುಳ್ಳು ಬರೆದರಾ? ಒಬ್ಬೊಬ್ಬರೇ ಅಷ್ಟೊಂದು ಚಿತ್ರ ಬರೆದದ್ದಾದರೂ ಹೇಗೆ? ಈ ಕಲೆಗೂ ನಮ್ಮ ಮೈಸೂರು ಸೀಮೆಗೂ ಏನಾದರೂ ನಂಟಿದೆಯಾ?

ಉತ್ತರ: ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ಹಳೇ ಸ್ಟುಡಿಯೊ ಫೋಟೊ ಇದ್ದರೆ ಒಮ್ಮೆ ಅದನ್ನು ಕೈಗೆ ತಗೊಳ್ಳಿ. ಹಿಂದೆ ಬಣ್ಣದ ಪರದೆ. ಪಕ್ಕದಲ್ಲಿ ಒಂದು ಕಂಬ. ಅಜ್ಜ ಕೈ ಊರಿರುವ ಎತ್ತರದ ಸ್ಟೂಲು. ಅಂಥ ಕಂಬ ಅಜ್ಜನ ಮನೆಯಲ್ಲಿ ಇರಲಿಲ್ಲ. ಕೋಟು ಕೂಡ ಸ್ಟುಡಿಯೊದವರದ್ದೇ ಇರಬಹುದು. ಆದರೆ ಮುಖ ಅಜ್ಜನದೇ. ನೀವು ಲಂಡನ್ನಿನಲ್ಲಿ ನೋಡಿದ ಚಿತ್ರಗಳ ವಿಷಯವೂ ಹೆಚ್ಚುಕಮ್ಮಿ ಇದೇ. ಎಲ್ಲಿವರೆಗೆ ನಿಜ, ಎಲ್ಲಿಂದ ವೇಷ ಅನ್ನುವ ಗೆರೆ ಪ್ರತಿ ಚಿತ್ರದಲ್ಲೂ ಇದೆ. ಆ ಗೆರೆ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬೀಳುತ್ತದೆ. ಅದನ್ನು ಹುಡುಕೋದೇ ಈ ಚಿತ್ರಗಳನ್ನು ನೋಡುವ ದೊಡ್ಡ ಸುಖ.

ಅಂದಹಾಗೆ, ಆ ಕಂಬ ಮತ್ತು ಪರದೆ ನಮ್ಮ ಸ್ಟುಡಿಯೊಗಳಿಗೆ ಬಂದದ್ದು ಇದೇ ವಂಶದಿಂದ. 1630ರ ದಶಕದಲ್ಲಿ ಲಂಡನ್ನಿನಲ್ಲಿ ರಾಜಮನೆತನದವರನ್ನು ಬರೆಯುತ್ತಿದ್ದ ವ್ಯಾನ್ ಡೈಕ್ ಕಂಬ, ಪರದೆಗಳನ್ನು ಹಿಂದೆ ನಿಲ್ಲಿಸುತ್ತಿದ್ದ. ನೂರೈವತ್ತು ವರ್ಷದ ನಂತರದ ಇಂಗ್ಲಿಷ್ ಕಲಾವಿದರು ಅವನನ್ನೇ ಗುರು ಅಂದುಕೊಂಡರು. ಫೋಟೊ ಬಂದಾಗ ಫೋಟೊದವರೂ ಅದನ್ನೇ ಎತ್ತಿಕೊಂಡರು. ಅಲ್ಲಿಂದ ಅದು ನಮ್ಮ ಊರಿನ ಸ್ಟುಡಿಯೊಗಳಿಗೂ ಬಂತು.

ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದನ್ನು ನೋಡೋಣ. ಆ ಕಾಲದ ದೊಡ್ಡ ಹೆಸರು ಜೋಶುವಾ ರೆನಾಲ್ಡ್ಸ್. ಹುಟ್ಟಿದ್ದು 1723ರಲ್ಲಿ, ಡೆವನ್ ಸೀಮೆಯ ಪ್ಲಿಂಪ್ಟನ್ ಅನ್ನುವ ಸಣ್ಣ ಊರಲ್ಲಿ. 1760ರಿಂದ ಅವನ ಮನೆ, ಚಿತ್ರಶಾಲೆ ಎರಡೂ ಲಂಡನ್ನಿನ ಲೆಸ್ಟರ್ ಫೀಲ್ಡ್ಸ್‌ನಲ್ಲಿ, ಅಂದರೆ ಇವತ್ತಿನ ಲೆಸ್ಟರ್ ಸ್ಕ್ವೇರ್. ಅವನು ಚಿತ್ರ ಬರೆಯುತ್ತಿದ್ದ ಕೋಣೆಯ ಅಳತೆ ಸಮೇತ ನಮಗೆ ಗೊತ್ತು. ಎಂಟು ಮೂಲೆಯ ಕೋಣೆ, 20 ಅಡಿ ಉದ್ದ, 16 ಅಡಿ ಅಗಲ. ಒಂದೇ ಒಂದು ಸಣ್ಣ ಚೌಕದ ಕಿಟಕಿ, ಅದರ ಕೆಳಗಿನ ಅಂಚು ನೆಲದಿಂದ 9 ಅಡಿ 4 ಇಂಚು ಮೇಲೆ. ಅಂದರೆ ಬೆಳಕು ಮೇಲಿಂದ, ಒಂದೇ ಕಡೆಯಿಂದ ಮುಖಕ್ಕೆ ಇಳಿಯುತ್ತಿತ್ತು. ಮೂಗಿನ ಪಕ್ಕ ಒಂದು ಮೆತ್ತನೆಯ ನೆರಳು, ಕುತ್ತಿಗೆ ಕೆಳಗೆ ಇನ್ನೊಂದು. ಚಿತ್ರಕ್ಕೆ ಕೂರುವವರ ಕುರ್ಚಿಯನ್ನು ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಏರಿಸಿತ್ತು, ಕೆಳಗೆ ಗಾಲಿ. ಬೆಳಕು ಹೇಗೆ ಬೇಕೋ ಹಾಗೆ ತಿರುಗಿಸಬಹುದು. ರೆನಾಲ್ಡ್ಸ್ ಮಾತ್ರ ಕೂರುತ್ತಿರಲಿಲ್ಲ. ನಿಂತುಕೊಂಡೇ, ಹದಿನೆಂಟು ಇಂಚಿನ ಹಿಡಿಯ ಕುಂಚಗಳಲ್ಲಿ ಬರೆಯುತ್ತಿದ್ದ. ಎತ್ತರದ ಕುರ್ಚಿಯಿಂದಾಗಿ ಕೂತವರ ಕಣ್ಣು ನಿಂತವನ ಕಣ್ಣಿಗೆ ಸಮ. ಆ ಚಿತ್ರಗಳಲ್ಲಿ ಎದುರಿನವರು ನಮ್ಮನ್ನು ನೇರವಾಗಿ, ಸರಿಸಮ ನಿಂತು ನೋಡಿದ ಹಾಗೆ ಅನಿಸುತ್ತದಲ್ವಾ? ಅದಕ್ಕೆ ಈ ಕುರ್ಚಿಯೂ ಒಂದು ಕಾರಣ. ಅದು ಈಗಲೂ ಲಂಡನ್ನಿನಲ್ಲಿ, ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯಲ್ಲಿದೆ.

ಅವನ ಅಪಾಯಿಂಟ್‌ಮೆಂಟ್ ಪುಸ್ತಕಗಳೂ ಉಳಿದಿವೆ. 1758ರ ಒಂದೇ ವರ್ಷದಲ್ಲಿ ಸುಮಾರು 150 ಜನ ಅವನ ಮುಂದೆ ಕೂತಿದ್ದಾರೆ. ಬಿಡುವಿಲ್ಲದ ದಿನಗಳಲ್ಲಿ ಐದಾರು ಜನ, ಒಬ್ಬರ ಹಿಂದೆ ಒಬ್ಬರು, ಡಾಕ್ಟರ ಕ್ಲಿನಿಕ್ಕಿನ ಹಾಗೆ. ಒಬ್ಬೊಬ್ಬರಿಗೆ ಗಂಟೆ, ಗಂಟೆಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಆಗುವುದು ಏನು? ಮುಖ. ಮುಖದ ಬಣ್ಣ, ಕಣ್ಣಿನ ಭಾವ, ತಲೆ ತಿರುಗಿದ ರೀತಿ. ಮಿಕ್ಕಿದ್ದನ್ನು ಅವರು ಎದ್ದು ಹೋದ ಮೇಲೂ ಬರೆಯಬಹುದು. ಬೇರೆಯವರೂ ಬರೆಯಬಹುದು.

ನಿಮ್ಮ "ಒಬ್ಬರೇ ಹೇಗೆ ಬರೆದರು" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಬ್ಬರೇ ಬರೆಯಲಿಲ್ಲ. ಆಗ ಲಂಡನ್ನಿನಲ್ಲಿ ಬಟ್ಟೆ ಬರೆಯೋದನ್ನೇ ಕಸುಬು ಮಾಡಿಕೊಂಡ ಕಲಾವಿದರು ಇದ್ದರು. ಮುಖ ಮುಗಿದ ಕ್ಯಾನ್ವಾಸು ಅವರ ಮನೆಗೆ ಹೋಗುತ್ತಿತ್ತು. ಅವರು ರೇಷ್ಮೆಯ ಮಡಿಕೆ, ಲೇಸು, ಮಖಮಲ್ಲು ಎಲ್ಲ ತುಂಬಿಸಿ ವಾಪಸು ಕಳಿಸುತ್ತಿದ್ದರು. ರೆನಾಲ್ಡ್ಸ್‌ಗೆ ಹೀಗೆ ಬಟ್ಟೆ ಬರೆದುಕೊಟ್ಟವರಲ್ಲಿ ಪೀಟರ್ ಟಾಮ್ಸ್ ಮುಖ್ಯ. ಸಾಮಾನ್ಯದವನಲ್ಲ, 1768ರ ಡಿಸೆಂಬರಿನಲ್ಲಿ ರಾಯಲ್ ಅಕಾಡೆಮಿ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬ. ನೀವು ಮೆಚ್ಚಿ ನೋಡಿದ ಎಷ್ಟೋ ಸೆರಗು, ತೋಳು, ಗುಂಡಿಗಳ ಹಿಂದೆ ಇಂಥ ಕೈಗಳಿವೆ. ಗೋಡೆ ಮೇಲಿನ ಹೆಸರಿನ ಚೀಟಿಯಲ್ಲಿ ಅವರು ಸಿಗೋದಿಲ್ಲ. ಮನೆಯೊಳಗೇ ಇದ್ದ ಸಹಾಯಕರು ಬೇರೆ. ಇಟಲಿಯಿಂದ ಜೊತೆಗೆ ಕರೆತಂದ ಜುಸೆಪ್ಪೆ ಮಾರ್ಕಿ ದಶಕಗಳ ಕಾಲ ರೆನಾಲ್ಡ್ಸ್‌ನ ಜೊತೆ ಇದ್ದ.

ಇದನ್ನು ಮೋಸ ಅನ್ನಬೇಡಿ. ಗಿರಾಕಿಗಳಿಗೆ ಇದು ಗೊತ್ತಿತ್ತು. ದರವೂ ಮುಚ್ಚುಮರೆ ಇಲ್ಲದೆ ಗೊತ್ತಿತ್ತು. 1782ರ ಹೊತ್ತಿಗೆ ರೆನಾಲ್ಡ್ಸ್‌ನ ದರ ಹೀಗಿತ್ತು: ತಲೆಯ ಚಿತ್ರಕ್ಕೆ 50 ಗಿನಿ, ಅರ್ಧ ದೇಹಕ್ಕೆ 100, ಪೂರ್ತಿ ನಿಂತ ಚಿತ್ರಕ್ಕೆ 200. ಒಂದು ಗಿನಿ ಅಂದರೆ ಒಂದು ಪೌಂಡ್ ಒಂದು ಶಿಲ್ಲಿಂಗ್. ಮನೆಗೆಲಸದ ಹೆಣ್ಣುಮಗಳಿಗೆ ವರ್ಷಕ್ಕೆ ಹತ್ತು ಪೌಂಡ್ ಆಸುಪಾಸು ಸಿಗುತ್ತಿದ್ದ ಕಾಲ ಅದು. ಅರ್ಧ ದುಡ್ಡನ್ನು ಮೊದಲ ದಿನವೇ ಇಡಬೇಕಿತ್ತು. ಕ್ಯಾನ್ವಾಸಿನ ಅಳತೆಗಳೂ ಸಿದ್ಧ ಇದ್ದವು. ತಲೆಗೆ 30 ಇಂಚಿಗೆ 25, ಅರ್ಧ ದೇಹಕ್ಕೆ 50ಕ್ಕೆ 40, ಪೂರ್ತಿ ದೇಹಕ್ಕೆ 94ಕ್ಕೆ 58. ಪಾಸ್‌ಪೋರ್ಟ್ ಸೈಜು, ಪೋಸ್ಟ್‌ಕಾರ್ಡ್ ಸೈಜು ಅಂತ ನಾವು ಕೇಳುತ್ತಿದ್ದೆವಲ್ಲ, ಹಾಗೆ.

ಈ ಕೊನೆಯ ಅಳತೆ ನೋಡಿ. 94 ಇಂಚು ಅಂದರೆ ಎಂಟು ಅಡಿಗೆ ಎರಡೇ ಇಂಚು ಕಮ್ಮಿ. ಅದನ್ನು ತೂಗುಹಾಕುತ್ತಿದ್ದದ್ದು ದೊಡ್ಡ ಮನೆಯ ಎತ್ತರದ ಗೋಡೆಗೆ. ನೋಡುವವರು ಕೆಳಗೆ. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಯಾರೇ ಆದರೂ ಎತ್ತರ ಕಾಣುತ್ತಾರೆ. ಅದಕ್ಕೆ ಸರಿಯಾಗಿ ಕಲಾವಿದರು ಕಾಲನ್ನು, ಕುತ್ತಿಗೆಯನ್ನು ಇನ್ನಷ್ಟು ನೀಳ ಮಾಡುತ್ತಿದ್ದರು. 1770ರ ದಶಕದ ಹೆಂಗಸರ ಫ್ಯಾಷನ್ನೂ ಕೈ ಜೋಡಿಸಿತು. ಒಳಗೆ ಮೆತ್ತೆ ಇಟ್ಟು, ಪೌಡರ್ ಹಾಕಿ, ಕೂದಲನ್ನು ಗೋಪುರದ ಹಾಗೆ ಏರಿಸುತ್ತಿದ್ದರು. ಅದರ ಮೇಲೆ ಗರಿಯ ಟೋಪಿ. ಎಲ್ಲರೂ ಎತ್ತರ, ಎಲ್ಲರೂ ತೆಳ್ಳಗೆ ಅಂತ ನಿಮಗೆ ಅನಿಸಿದ್ದು ಸರಿಯೇ. ದೇಹದ ವಿಷಯದಲ್ಲಿ ಆ ಚಿತ್ರಗಳನ್ನು ನಂಬಬೇಡಿ.

ಮುಖದ ವಿಷಯ ಹಾಗಲ್ಲ. ಅದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಕೊಡುತ್ತೇನೆ.

ಸಾರಾ ಸಿಡನ್ಸ್ ಆ ಕಾಲದ ರಂಗಭೂಮಿಯ ಮಹಾನಟಿ. ದುರಂತ ನಾಟಕಗಳಲ್ಲಿ ಅವಳನ್ನು ನೋಡಿ ಜನ ಅಳುತ್ತಿದ್ದರು. ಅವಳನ್ನು 1784ರಲ್ಲಿ ರೆನಾಲ್ಡ್ಸ್ ಬರೆದ, ಮರುವರ್ಷವೇ ಥಾಮಸ್ ಗೇನ್ಸ್‌ಬರೋ ಬರೆದ. ಹೆಂಗಸು ಒಬ್ಬಳೇ, ವಯಸ್ಸೂ ಹೆಚ್ಚುಕಮ್ಮಿ ಒಂದೇ. ರೆನಾಲ್ಡ್ಸ್‌ನ ಚಿತ್ರದಲ್ಲಿ ಅವಳು ದುರಂತ ನಾಟಕದ ಅಧಿದೇವತೆ. ಮೋಡದ ನಡುವೆ ಸಿಂಹಾಸನ. ಹಿಂದೆ ಎರಡು ನೆರಳಿನಂಥ ಮೂರ್ತಿಗಳು, ಒಂದರ ಕೈಯಲ್ಲಿ ಕಠಾರಿ, ಇನ್ನೊಂದರ ಕೈಯಲ್ಲಿ ವಿಷದ ಬಟ್ಟಲು. ಕೂತ ಭಂಗಿಯಲ್ಲಿ ರೋಮಿನ ಸಿಸ್ಟೈನ್ ಚಾಪೆಲ್ಲಿನಲ್ಲಿ ಮೈಕೆಲೇಂಜೆಲೊ ಬರೆದ ಪ್ರವಾದಿಗಳ ನೆನಪು. ಬಣ್ಣವೆಲ್ಲ ಕಂದು, ಹೊನ್ನು. ಅವಳ ಉಡುಪಿನ ಅಂಚಿನಲ್ಲಿ ಕಸೂತಿ ಹಾಕಿದ ಹಾಗೆ ರೆನಾಲ್ಡ್ಸ್ ತನ್ನ ಹೆಸರು ಬರೆದುಕೊಂಡಿದ್ದಾನೆ. ಮೂಲ ಚಿತ್ರ ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹಂಟಿಂಗ್ಟನ್ ಸಂಗ್ರಹದಲ್ಲಿದೆ. ಅವನ ಚಿತ್ರಶಾಲೆಯಲ್ಲೇ ಆದ ಇನ್ನೊಂದು ಪ್ರತಿ ಲಂಡನ್ನಿನ ಡಲ್ವಿಚ್ ಗ್ಯಾಲರಿಯಲ್ಲಿದೆ. ಮಗಳ ಮನೆಗೆ ಮತ್ತೆ ಹೋದಾಗ ಅಲ್ಲಿಗೂ ಹೋಗಿಬನ್ನಿ.

ಗೇನ್ಸ್‌ಬರೋ ಬರೆದದ್ದು ನ್ಯಾಷನಲ್ ಗ್ಯಾಲರಿಯಲ್ಲೇ ಇದೆ. ಅಲ್ಲಿ ದೇವತೆ ಇಲ್ಲ, ಮೋಡ ಇಲ್ಲ. ಪಟ್ಟೆಪಟ್ಟೆಯ ನೀಲಿ ಉಡುಪು ತೊಟ್ಟು, ಕರಿ ಟೋಪಿ ಇಟ್ಟು, ಯಾರ ಮನೆಗೋ ಹೋಗಿ ಕೂತ ಲಂಡನ್ನಿನ ಹೆಂಗಸು. ಪಕ್ಕಕ್ಕೆ ತಿರುಗಿದ ಮುಖ. ಅಲ್ಲಿ ಒಂದು ಮೂಗಿದೆ. ಉದ್ದದ, ಗಟ್ಟಿ, ಯಾರಿಗೂ ಜಗ್ಗದ ಮೂಗು. ಅದನ್ನು ಬರೆಯುತ್ತ ಗೇನ್ಸ್‌ಬರೋ "ಈ ಮೂಗಿಗೆ ಕೊನೆಯೇ ಇಲ್ಲವಲ್ಲ" ಅಂತ ಗೊಣಗಿದ ಅಂತ ಒಂದು ಕತೆ ಇದೆ. ಕತೆ ಹೇಗೇ ಇರಲಿ, ಅವನು ಅದನ್ನು ಚಿಕ್ಕದು ಮಾಡಲಿಲ್ಲ. ಈಗ ಡಲ್ವಿಚ್‌ನ ದೇವತೆಯ ಮುಖಕ್ಕೆ ವಾಪಸು ಬನ್ನಿ. ಮೋಡ, ಸಿಂಹಾಸನ, ಕಠಾರಿ ಎಲ್ಲದರ ನಡುವೆ ಅದೇ ಮೂಗು! ಇಬ್ಬರೂ ಆಗದವರು, ಇಬ್ಬರದೂ ಬೇರೆ ಬೇರೆ ದಾರಿ. ಆದರೂ ಮೂಗಿನ ವಿಷಯದಲ್ಲಿ ಇಬ್ಬರೂ ಒಂದೇ ಸಾಕ್ಷಿ ಹೇಳುತ್ತಾರೆ. ನಿಜದ ಗೆರೆ ಎಲ್ಲಿ ಬೀಳುತ್ತದೆ ಅಂದೆನಲ್ಲ, ಇಲ್ಲಿ ಅದು ಸಿಡನ್ಸಳ ಕುತ್ತಿಗೆಯ ಹತ್ತಿರ ಬಿದ್ದಿದೆ.

ಈ ಗೇನ್ಸ್‌ಬರೋ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನೀವು ಕೇಳಿದ ಪ್ರಶ್ನೆಯನ್ನೇ ಅವನೂ ಜೀವನಪೂರ್ತಿ ಯೋಚಿಸಿದ. ಸಫಕ್ ಸೀಮೆಯ ಸಡ್‌ಬರಿಯವನು, 1727ರಲ್ಲಿ ಹುಟ್ಟಿದ. 1759ರಿಂದ ಬಾತ್ ಪಟ್ಟಣದಲ್ಲಿದ್ದ. ಬಿಸಿನೀರಿನ ಬುಗ್ಗೆಗಳಿಗೆ ಶ್ರೀಮಂತರು ಬಂದು ತಿಂಗಳುಗಟ್ಟಲೆ ಇರುತ್ತಿದ್ದ ಊರು ಅದು. ಅವರಿಗೆ ಬಿಡುವು, ಇವನಿಗೆ ಕೆಲಸ. 1774ರಲ್ಲಿ ಲಂಡನ್ನಿಗೆ ಬಂದ. ಅವನಿಗೆ ನಿಜವಾಗಿ ಇಷ್ಟ ಇದ್ದದ್ದು ಮರ, ಹಳ್ಳಿದಾರಿ, ಸಂಜೆ ಬೆಳಕು. ಒಬ್ಬ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ಈ ಭಾವಚಿತ್ರಗಳು ಸಾಕಾಗಿವೆ, ನನ್ನ ತಂತಿವಾದ್ಯ ತಗೊಂಡು ಯಾವುದಾದರೂ ಚಂದದ ಹಳ್ಳಿಗೆ ಹೋಗಿ ನಿಸರ್ಗದ ಚಿತ್ರ ಬರೆದುಕೊಂಡು ಇದ್ದುಬಿಡಬೇಕು ಅನ್ನುತ್ತಾನೆ. ಹೋಗಲಿಲ್ಲ. ಹೊಟ್ಟೆಪಾಡು ಭಾವಚಿತ್ರದಲ್ಲೇ ಇತ್ತು. ಆದರೆ ಆ ಮರ, ಆ ಸಂಜೆ ಎಲ್ಲ ಭಾವಚಿತ್ರದ ಹಿಂದೆ ಬಂದು ಕೂತವು.

1771ರಲ್ಲಿ ಒಬ್ಬ ಗಿರಾಕಿಯಿಂದ ದೂರು ಬಂತು. ಲಾರ್ಡ್ ಡಾರ್ಟ್‌ಮತ್ ಅನ್ನುವವನ ಹೆಂಡತಿಯ ಚಿತ್ರ. ಹೋಲಿಕೆ ಇಲ್ಲ ಅಂತ ಗಂಡನ ತಕರಾರು. ಗೇನ್ಸ್‌ಬರೋ ಉತ್ತರ ಬರೆದ. ಅದರ ಸಾರ ಇದು: ಭಾವಚಿತ್ರದಲ್ಲಿ ಮುಖ್ಯವಾದ ಸೊಗಸೇ ಹೋಲಿಕೆ. ಹೋಲಿಕೆ ಕೆಟ್ಟದ್ದು ವೇಷದಿಂದ. ಆ ಹೆಂಗಸಿಗೆ ಕಾಲವಲ್ಲದ ಕಾಲದ ಕಾಲ್ಪನಿಕ ಉಡುಪು ಹಾಕಿಸಿದ್ದರು. ದಿನಾ ತೊಡುವ ಉಡುಪಿನಲ್ಲಿ ಬರೆದರೆ ಮುಖ ತಾನೇ ಸರಿಹೋಗುತ್ತದೆ, ಬೇಕಿದ್ದರೆ ಹಾಗೆ ಬರೆದು ತೋರಿಸುತ್ತೇನೆ ಅಂತ ಹೇಳಿದ. ಎಷ್ಟು ಸೂಕ್ಷ್ಮ ನೋಡಿ. ನಮ್ಮ ಪಕ್ಕದ ಮನೆಯವರು ನಾಟಕದ ಕಿರೀಟ ಹಾಕಿಕೊಂಡು ಎದುರಿಗೆ ಬಂದರೆ ಒಂದು ಕ್ಷಣ ಗುರುತು ಸಿಗುವುದಿಲ್ಲ. ಮುಖ ಅದೇ, ಆದರೆ ನಮ್ಮ ಕಣ್ಣು ಉಡುಪಿನ ಜೊತೆಗೇ ಮುಖವನ್ನು ನೆನಪಿಟ್ಟಿರುತ್ತದೆ.

ರೆನಾಲ್ಡ್ಸ್ ಇದಕ್ಕೆ ಪೂರ್ತಿ ವಿರುದ್ಧ. ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾಗಿ ವಿದ್ಯಾರ್ಥಿಗಳಿಗೆ ಅವನು ಭಾಷಣ ಮಾಡುತ್ತಿದ್ದ, 1769ರಿಂದ 1790ರವರೆಗೆ ಒಟ್ಟು ಹದಿನೈದು. ಅಲ್ಲಿ ಅವನ ವಾದ ಇದು: ಫ್ಯಾಷನ್ ಹತ್ತು ವರ್ಷದಲ್ಲಿ ಹಳತಾಗುತ್ತದೆ. ಇವತ್ತಿನ ಉಡುಪು ನಾಳೆ ನಗೆಪಾಟಲು. ಹಾಗಾಗಿ ಹಳೇ ಗ್ರೀಕ್, ರೋಮನ್ ಶಿಲ್ಪಗಳ ನೆನಪು ತರುವ ಸಡಿಲ ಬಟ್ಟೆ ಹಾಕಿಸಿದರೆ ಚಿತ್ರ ಬಾಳುತ್ತದೆ. ಇದರಲ್ಲೂ ಹುರುಳಿದೆ. ನಮ್ಮದೇ ಮೂವತ್ತು ವರ್ಷ ಹಿಂದಿನ ಮದುವೆ ಆಲ್ಬಂ ತೆಗೆದರೆ ಮೊದಲು ಕಾಣುವುದು ಆ ಕಾಲದ ರವಿಕೆ ತೋಳು, ಆಮೇಲೆ ಮುಖ. ಆದರೂ ನನ್ನನ್ನು ಕೇಳಿದರೆ ನಾನು ಗೇನ್ಸ್‌ಬರೋ ಪಕ್ಷ. ರೆನಾಲ್ಡ್ಸ್‌ನ ದೇವತೆಗಳ ಮುಂದೆ ನಾನು ತಲೆದೂಗುತ್ತೇನೆ. ಗೇನ್ಸ್‌ಬರೋ ಬರೆದವರ ಮುಂದೆ ನಿಂತರೆ ಮಾತಾಡಿಸೋಣ ಅನಿಸುತ್ತದೆ.

ನೀವು ಅಷ್ಟು ಹೊತ್ತು ನಿಂತ ಚಿತ್ರಗಳಲ್ಲಿ "ಬೆಳಗಿನ ವಿಹಾರ" ಅನ್ನುವುದು ಖಂಡಿತ ಇದ್ದಿರಬೇಕು. ಕರಿ ಮಖಮಲ್ಲಿನ ಸೂಟಿನ ಗಂಡು, ಕೆನೆಬಣ್ಣದ ರೇಷ್ಮೆಯ ಹೆಣ್ಣು, ತಲೆ ಎತ್ತಿ ಅವಳನ್ನೇ ನೋಡುವ ಬಿಳಿ ನಾಯಿ. ವಿಲಿಯಂ ಹ್ಯಾಲೆಟ್ ಮತ್ತು ಎಲಿಜಬೆತ್ ಸ್ಟೀಫನ್. ಇಬ್ಬರಿಗೂ 21 ವರ್ಷ. 1785ರ ಜುಲೈ ಕೊನೆಯಲ್ಲಿ ಮದುವೆ. ಗೇನ್ಸ್‌ಬರೋ ಇದಕ್ಕೆ 120 ಗಿನಿ ತಗೊಂಡ. ನೋಡಿದರೆ ಹತ್ತು ತಲೆಮಾರಿನ ಜಮೀನ್ದಾರರು ಅನ್ನಬೇಕು. ಆದರೆ ಹುಡುಗನ ಅಜ್ಜ ಮರಗೆಲಸದವನು. ಶ್ರೀಮಂತರ ಮನೆಗೆ ಕಪಾಟು, ಕುರ್ಚಿ ಮಾಡಿಕೊಡುತ್ತ, ಕೈಯ ಕೆಲಸದಿಂದ ದೊಡ್ಡ ಆಸ್ತಿ ಕಟ್ಟಿದವನು. ಈಗ ಮೊಮ್ಮಗ ಹೆಂಡತಿಗೆ ತೋಳು ಕೊಟ್ಟು, ಯಾವ ಅವಸರವೂ ಇಲ್ಲದ ಹಾಗೆ, ತೋಟದಲ್ಲಿ ನಡೆಯುತ್ತಿದ್ದಾನೆ. ಅಜ್ಜ ಗಳಿಸಿದ್ದು ಇದನ್ನೇ, ಈ ಅವಸರವಿಲ್ಲದ ನಡಿಗೆಯನ್ನು. ಚಿತ್ರ ಸುಳ್ಳು ಹೇಳುತ್ತಿಲ್ಲ. ಅಜ್ಜನನ್ನು ಹೇಳುತ್ತಿಲ್ಲ, ಅಷ್ಟೇ.

ಮುಂದಿನ ಸಲ ಆ ಹೆಣ್ಣಿನ ಉಡುಪಿನ ಹತ್ತಿರ ಹೋಗಿ ನೋಡಿ, ಕಾವಲಿನವರು ಬಿಡುವಷ್ಟು ಹತ್ತಿರ. ರೇಷ್ಮೆ ಮಾಯವಾಗುತ್ತದೆ. ಬರೀ ಗೀಚು. ತೆಳುವಾದ ಬೂದು, ಹಳದಿ, ಬಿಳಿ ಎಳೆಗಳು, ಒಂದರ ಮೇಲೊಂದು ಓರೆಯಾಗಿ ಎಳೆದ ಹಾಗೆ. ನಾಯಿಯ ಕೂದಲೂ ಅದೇ ಗೀಚು, ಹಿಂದಿನ ಎಲೆಗಳೂ ಅದೇ ಗೀಚು. ನಾಲ್ಕು ಹೆಜ್ಜೆ ಹಿಂದೆ ಬನ್ನಿ. ರೇಷ್ಮೆ ಮತ್ತೆ ರೇಷ್ಮೆ ಆಗುತ್ತದೆ. ಗೇನ್ಸ್‌ಬರೋ ಬಟ್ಟೆಯನ್ನು ಬೇರೆಯವರಿಗೆ ಕಳಿಸುತ್ತಿರಲಿಲ್ಲ, ಬಹುಮಟ್ಟಿಗೆ ಎಲ್ಲವನ್ನೂ ತಾನೇ ಬರೆಯುತ್ತಿದ್ದ. ಬಣ್ಣವನ್ನು ನೀರಿನಷ್ಟು ತೆಳ್ಳಗೆ ಕಲಸುತ್ತಿದ್ದ. ಆರಡಿ ಉದ್ದದ ಹಿಡಿಗೆ ಕುಂಚ ಕಟ್ಟಿಕೊಂಡು ದೂರದಿಂದ ಬರೆಯುತ್ತಿದ್ದ, ಮೇಣದಬತ್ತಿಯ ಮಂಕು ಬೆಳಕಿನಲ್ಲಿ ಶುರುಮಾಡುತ್ತಿದ್ದ ಅಂತ ಕಂಡವರು ಹೇಳಿದ್ದಾರೆ. 1788ರ ಆಗಸ್ಟಿನಲ್ಲಿ ಅವನು ತೀರಿಕೊಂಡ ಮೇಲೆ ರೆನಾಲ್ಡ್ಸ್ ಅವನ ಬಗ್ಗೆಯೇ ಒಂದು ಪೂರ್ತಿ ಭಾಷಣ ಮಾಡಿದ. ಹತ್ತಿರದಿಂದ ಅರ್ಥವಿಲ್ಲದ ಗೀಚಿನ ಹಾಗೆ ಕಾಣುವುದು ದೂರ ಹೋದಾಗ ರೂಪ ತಾಳುತ್ತದೆ ಅನ್ನುವ ಮಾತನ್ನು ಅಲ್ಲಿ ಅವನೇ ಹೇಳಿದ. ಎದುರಾಳಿಯ ಬಾಯಿಂದ ಬಂದ ಮಾತು ಅದು. ಗೇನ್ಸ್‌ಬರೋ ಸಾಯುವ ಮುಂಚೆ ರೆನಾಲ್ಡ್ಸ್‌ಗೆ ಪತ್ರ ಬರೆದು ಕರೆಸಿಕೊಂಡಿದ್ದ. ಹೆಣಕ್ಕೆ ಹೆಗಲು ಕೊಟ್ಟವರ ಸಾಲಿನಲ್ಲಿ ರೆನಾಲ್ಡ್ಸ್ ಇದ್ದ.

ಹಾಲಿನ ಕೆನೆಯಂಥ ಚರ್ಮ ಅಂದಿರಿ. ಇದರಲ್ಲಿ ಸ್ವಲ್ಪ ಭಾಗ ಆಗಿನವರ ರುಚಿ, ಸ್ವಲ್ಪ ಭಾಗ ಕಾಲದ ಕೈವಾಡ. ರೆನಾಲ್ಡ್ಸ್ ಕೆನ್ನೆಯ ಕೆಂಪಿಗೆ ಕಾರ್ಮೈನ್ ಅನ್ನುವ ಬಣ್ಣ ಬಳಸುತ್ತಿದ್ದ. ಹುಳದಿಂದ ತೆಗೆದ ಕೆಂಪು ಅದು. ಹಚ್ಚಿದಾಗ ಜೀವಂತ ರಕ್ತದ ಹಾಗೆ, ಬೆಳಕು ಬಿದ್ದಂತೆಲ್ಲ ಮಾಯ. ಅವನು ಬದುಕಿದ್ದಾಗಲೇ ಅವನ ಮುಖಗಳು ಬಿಳಿಚಿಕೊಂಡವು. ಸಾಲದ್ದಕ್ಕೆ ಮೇಣ, ಡಾಂಬರಿನಂಥ ಕಪ್ಪು, ಇನ್ನೂ ಏನೇನೋ ಬೆರೆಸಿ ಪ್ರಯೋಗ ಮಾಡುತ್ತಿದ್ದ. ಅವು ಒಣಗದೆ ಬಿರುಕುಬಿಟ್ಟವು. ಮನುಷ್ಯ ಸಾಯುವ ಮುಂಚೆಯೇ ಇವನ ಚಿತ್ರ ಸಾಯುತ್ತದೆ ಅಂತ ಒಬ್ಬ ಗಿರಾಕಿ ಪದ್ಯವನ್ನೇ ಕಟ್ಟಿದ. ಹಾಗಾಗಿ ಕೆಲವು ಚಿತ್ರಗಳಲ್ಲಿ ನೀವು ನೋಡಿದ ಬೆಳ್ಳಗಿನ ಚರ್ಮ ಅವರದೂ ಅಲ್ಲ, ಕಲಾವಿದನ ಉದ್ದೇಶವೂ ಅಲ್ಲ. ಕೆಂಪು ಹಾರಿಹೋದ ಮೇಲೆ ಉಳಿದದ್ದು.

ಗಿರಾಕಿಗೆ ನಿಜ ಬೇಡವಾದಾಗ ಏನಾಗುತ್ತಿತ್ತು ಅನ್ನೋದಕ್ಕೂ ನ್ಯಾಷನಲ್ ಗ್ಯಾಲರಿಯಲ್ಲೇ ಸಾಕ್ಷಿ ಇದೆ. 1789ರ ಸೆಪ್ಟೆಂಬರಿನಲ್ಲಿ ಥಾಮಸ್ ಲಾರೆನ್ಸ್ ಅನ್ನುವ ಇಪ್ಪತ್ತರ ಹುಡುಗನನ್ನು ವಿಂಡ್ಸರ್ ಅರಮನೆಗೆ ಕರೆಸಿದರು, ರಾಣಿ ಷಾರ್ಲೆಟ್‌ಳ ಚಿತ್ರ ಬರೆಯಲು. ಹಿಂದಿನ ಚಳಿಗಾಲದಲ್ಲಿ ರಾಜ ಮೂರನೇ ಜಾರ್ಜ್ ಬುದ್ಧಿ ಕಳೆದುಕೊಂಡು ಎಲ್ಲರೂ ನಡುಗಿದ್ದರು. ಆ ದಣಿವು ರಾಣಿಯ ಮುಖದಲ್ಲಿ ಇನ್ನೂ ಇತ್ತು. ಹುಡುಗ ಅದನ್ನು ಹಾಗೇ ಬರೆದ. ಬರಿ ತಲೆ, ನರೆತಂತೆ ಕಾಣುವ ಪೌಡರಿನ ಕೂದಲು, ಎಲ್ಲೋ ನೆಟ್ಟ ನೋಟ. ರಾಣಿ ಮತ್ತೆ ಕೂರಲಿಲ್ಲ. ಅವಳ ಒಡವೆ ಹಾಕಿಕೊಂಡು, ಉಳಿದ ಭಾಗಕ್ಕೆ ಕೂತವಳು ಅರಮನೆಯ ಒಬ್ಬ ಪರಿಚಾರಿಕೆ. ಚಿತ್ರವನ್ನು ಅರಮನೆಯವರು ಕೊಳ್ಳಲೇ ಇಲ್ಲ. ಲಾರೆನ್ಸ್ 1830ರಲ್ಲಿ ಸಾಯುವವರೆಗೂ ಅದು ಅವನ ಹತ್ತಿರವೇ ಉಳಿಯಿತು. ನೋಡಿ, ಮುಖ ರಾಣಿಯದು, ಮುತ್ತಿನ ಬಳೆ ತೊಟ್ಟ ಕೈ ಬೇರೆಯವಳದು. ಗೆರೆ ಇಲ್ಲಿ ಮಣಿಕಟ್ಟಿನ ಹತ್ತಿರ ಬಿದ್ದಿದೆ.

ಈ ಚಿತ್ರಗಳನ್ನು ಊರೆಲ್ಲ ನೋಡುತ್ತಿತ್ತು ಅನ್ನುವುದನ್ನೂ ಮರೆಯಬಾರದು. ಅಕಾಡೆಮಿಯ ವಾರ್ಷಿಕ ಪ್ರದರ್ಶನ 1780ರಿಂದ ಸಾಮರ್ಸೆಟ್ ಹೌಸಿನಲ್ಲಿ ನಡೆಯುತ್ತಿತ್ತು, ಒಳಗೆ ಹೋಗಲು ಒಂದು ಶಿಲ್ಲಿಂಗ್. ಗೋಡೆಯಲ್ಲಿ ಎಂಟು ಅಡಿ ಎತ್ತರಕ್ಕೆ ಒಂದು ಪಟ್ಟಿ. ದೊಡ್ಡ ಚಿತ್ರಗಳು ಅದರ ಮೇಲೆ ನಿಲ್ಲಬೇಕು. 1784ರಲ್ಲಿ ಗೇನ್ಸ್‌ಬರೋ, ಮೂವರು ರಾಜಕುಮಾರಿಯರ ನನ್ನ ಚಿತ್ರ ನವಿರಾದದ್ದು, ಅಷ್ಟು ಮೇಲಿಟ್ಟರೆ ಏನೂ ಕಾಣುವುದಿಲ್ಲ, ಕೆಳಗೆ ಹಾಕಿ ಅಂದ. ಅವರು ಒಪ್ಪಲಿಲ್ಲ. ಎಲ್ಲ ಚಿತ್ರಗಳನ್ನೂ ವಾಪಸು ಒಯ್ದ, ಮತ್ತೆಂದೂ ಅಲ್ಲಿಗೆ ಕಳಿಸಲಿಲ್ಲ. ಆ ಗೀಚುಗಳನ್ನು ಹತ್ತಿರದಿಂದ ನೋಡಿದ ಮೇಲೆ ಅವನ ಸಿಟ್ಟು ನಿಮಗೆ ಅರ್ಥವಾಗುತ್ತದೆ.

ಇನ್ನು ನಮ್ಮ ಕಡೆಯ ನಂಟು. ಇದೆ, ಮತ್ತು ಗಟ್ಟಿಯಾಗಿಯೇ ಇದೆ.

ಮೊದಲನೆಯದು ದುಡ್ಡು. ಭಾರತದಲ್ಲಿ ಗಳಿಸಿ ಇಂಗ್ಲೆಂಡಿಗೆ ಮರಳಿದ ಈಸ್ಟ್ ಇಂಡಿಯಾ ಕಂಪನಿ ನೌಕರರು ಭಾವಚಿತ್ರದ ದೊಡ್ಡ ಗಿರಾಕಿಗಳು. ರಾಬರ್ಟ್ ಕ್ಲೈವನ ಸಂಬಂಧಿ ಜಾರ್ಜ್ ಕ್ಲೈವನ ಕುಟುಂಬವನ್ನು ರೆನಾಲ್ಡ್ಸ್ 1765ರ ಸುಮಾರಿಗೆ ಬರೆದ. ಅದು ಈಗ ಬರ್ಲಿನ್ನಿನಲ್ಲಿದೆ. ಗಂಡ, ಹೆಂಡತಿ, ಪುಟ್ಟ ಮಗಳು. ಮಗುವನ್ನು ಹಿಡಿದುಕೊಂಡು ಕೆಳಗೆ ಕೂತವಳು ಒಬ್ಬ ಭಾರತೀಯ ಆಯಾ. ಅವಳ ಹೆಸರು ಚಿತ್ರದ ಶೀರ್ಷಿಕೆಯಲ್ಲಿಲ್ಲ. ನನ್ನ ಕಣ್ಣಿಗೆ ಆ ಚಿತ್ರದಲ್ಲಿ ಎಲ್ಲರಿಗಿಂತ ಜೀವಂತವಾದ ಮುಖ ಅವಳದೇ. ದುಡ್ಡು ಕೊಟ್ಟ ಗಂಡ ಪಕ್ಕದಲ್ಲಿ ಒರಗಿ ನಿಂತಿದ್ದಾನೆ. ಅವಳು ಮಗು ಬೀಳದ ಹಾಗೆ ಹಿಡಿದಿದ್ದಾಳೆ. ಅವಳನ್ನು ಚಂದ ಮಾಡಿ ಅಂತ ಕಲಾವಿದನಿಗೆ ಹೇಳುವವರು ಯಾರೂ ಇರಲಿಲ್ಲ. ಆದ್ದರಿಂದಲೇ ಇರಬೇಕು, ಅಲ್ಲಿ ವೇಷ ಕಮ್ಮಿ.

ಎರಡನೆಯದು, ಕಲಾವಿದರೇ ಇಲ್ಲಿಗೆ ಬಂದದ್ದು. ಲಂಡನ್ನಿನಲ್ಲಿ ಪೈಪೋಟಿ ಜಾಸ್ತಿ ಆಗಿತ್ತು. 1769ರಲ್ಲಿ ಟಿಲ್ಲಿ ಕೆಟಲ್ ಮದ್ರಾಸಿಗೆ ಬಂದು ಆರ್ಕಾಟಿನ ನವಾಬನನ್ನು ಬರೆದ. ಜೊಹಾನ್ ಜೊಫಾನಿ 1783ರಲ್ಲಿ ಬಂದು ಲಖನೌ, ಕಲ್ಕತ್ತೆಗಳಲ್ಲಿ ದುಡಿದ. ರಾಬರ್ಟ್ ಹೋಮ್ ಅನ್ನುವವನು ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯ ಜೊತೆಗೇ ನಮ್ಮ ಸೀಮೆಯಲ್ಲಿ ಓಡಾಡಿದ. 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳಾಗಿ ಒಪ್ಪಿಸಿದ ದೃಶ್ಯವನ್ನು ಬರೆದವನು ಅವನೇ. ಲಂಡನ್ನಿನ ರಾಷ್ಟ್ರೀಯ ಸೇನಾ ಮ್ಯೂಸಿಯಮ್ಮಿನಲ್ಲಿ ಅದಿದೆ. ನೂರು ಜನರ ಗದ್ದಲದ ನಡುವೆ ಎರಡು ಸಣ್ಣ ಹುಡುಗರು, ಅವರ ಕೈ ಹಿಡಿಯಲು ಮುಂದೆ ಬರುವ ಕಾರ್ನ್‌ವಾಲಿಸ್. ಅಪ್ಪನ ಹಾಗೆ ಅವನು ಕೈ ಚಾಚಿದ ಭಂಗಿ ಲಂಡನ್ನಿನವರು ಮೆಚ್ಚಲಿ ಅಂತಲೇ ಜೋಡಿಸಿದ ಹಾಗಿದೆ. ಅಲ್ಲಿ ವೇಷ ಹಾಕಿಸಿಕೊಂಡದ್ದು ಒಂದು ಇಡೀ ಯುದ್ಧ.

ಹೀಗೆ ಬಂದ ಇನ್ನೊಬ್ಬ ಥಾಮಸ್ ಹಿಕ್ಕಿ, ಐರ್ಲೆಂಡಿನವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಯುದ್ಧಕ್ಕೆ ಸಂಬಂಧಪಟ್ಟವರನ್ನೆಲ್ಲ ಬರೆದ. ಇಂಗ್ಲಿಷ್ ಅಧಿಕಾರಿಗಳು, ಟಿಪ್ಪುವಿನ ಮಕ್ಕಳು, ದಿವಾನ್ ಪೂರ್ಣಯ್ಯ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು. ಅವನ ಒಂದು ಚಿತ್ರದ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಕಾಲ 1805ರ ಆಸುಪಾಸು. ಮೂವರು ಹೆಂಗಸರು, ರೇಷ್ಮೆ ಸೀರೆ, ಮೈತುಂಬ ಒಡವೆ. 'ನಾಟ್ಯದವರು' ಅಂತಲೇ ಬಹಳ ಕಾಲ ಅದನ್ನು ತಿಳಿದಿದ್ದರು. ಮೈಸೂರಿನ ಚರಿತ್ರೆಯನ್ನು ಅಧ್ಯಯನ ಮಾಡಿದ ಕೇಂಬ್ರಿಡ್ಜಿನ ವಿದ್ವಾಂಸರೊಬ್ಬರು ಬೇರೆಯದೇ ಓದು ಕೊಟ್ಟಿದ್ದಾರೆ. ಅವರ ಪ್ರಕಾರ ನಡುವೆ ಇರುವವರು ಮುಮ್ಮಡಿಯವರ ಅಜ್ಜಿ ಲಕ್ಷ್ಮಮ್ಮಣ್ಣಿ, ಎಡಬಲದಲ್ಲಿ ಮುಮ್ಮಡಿಯವರ ಇಬ್ಬರು ಎಳೆಯ ರಾಣಿಯರು. ಸಿಡುಬಿಗೆ ಹೊಸ ಲಸಿಕೆ ಭಾರತಕ್ಕೆ ಬಂದು ಮೂರೇ ವರ್ಷವಾಗಿತ್ತು. ಜನ ಹೆದರುತ್ತಿದ್ದರು. ಆ ಹೆದರಿಕೆ ಬಿಡಿಸಲು ಬರೆಸಿದ ಚಿತ್ರ ಇದು ಅನ್ನುವುದು ಅವರ ಓದು. ಬಲಗಡೆಯ ರಾಣಿ ಸೆರಗು ಮುಚ್ಚಬೇಕಾದ ಎಡತೋಳನ್ನು ಬಿಟ್ಟುಕೊಂಡು, ಬಲಗೈಯ ಬೆರಳಿನಿಂದ ಅದೇ ಜಾಗವನ್ನು ತೋರಿಸುತ್ತಿದ್ದಾಳೆ, ಲಸಿಕೆ ಹಾಕಿದ ಜಾಗ ಇದು ಅನ್ನುವ ಹಾಗೆ. ಎಡಗಡೆಯವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಅದು ಸಿಡುಬಿನ ಗುಳ್ಳೆಯ ಪುಡಿಯನ್ನು ಮೂಗಿಗೆ ಏರಿಸಿ ರೋಗ ತಡೆಯುತ್ತಿದ್ದ ಹಳೇ ಪದ್ಧತಿಯ ಗುರುತು ಅಂತ ಆ ವಿದ್ವಾಂಸರು ಹೇಳುತ್ತಾರೆ.

ಮುಖದ ಕಲೆ ಅಳಿಸಿ ಹಾಲಿನ ಕೆನೆ ಬಳಿಯುತ್ತಿದ್ದ ಆ ಕಸುಬಿನಲ್ಲೇ ಹಿಕ್ಕಿ ಪಳಗಿದವನು. ಆ ಬಾಯಿಯ ಸುತ್ತಲಿನ ಮಂಕನ್ನು ಎರಡು ಕುಂಚದೆಳೆಯಲ್ಲಿ ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ. ಆ ಓದು ಸರಿಯಾಗಿದ್ದರೆ, ಅವನನ್ನು ಕರೆಸಿದ್ದೇ ಅದನ್ನು ಬರೆಯಲಿ ಅಂತ.